ರೋಯಿಂಗ್ ಕ್ಲಬ್ಬಿನ ವಾರ್ಷಿಕ ದಿನ: ಎಲ್ಲರೂ ದೋಣಿ ಹತ್ತುವ ಹಾಗೆ ಮಾಡುವುದು ಹೇಗೆ?

ಎಂಟು ಜನ ಹುಟ್ಟು ಹಾಕುವ ದೋಣಿಯನ್ನು ಶೆಡ್ಡಿನಿಂದ ನೀರಿಗೆ ಹೊತ್ತು ತರುವುದನ್ನು ನೋಡಿದ್ದೀರಾ? ಉದ್ದ 17 ಮೀಟರ್ ಆಸುಪಾಸು. ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮದಂತೆ ಕನಿಷ್ಠ ತೂಕ 96 ಕೆಜಿ. ಎಂಟು ಹೆಗಲಿಗೆ ಹಂಚಿದರೆ ಒಬ್ಬೊಬ್ಬರಿಗೆ 12 ಕೆಜಿ. ಒಬ್ಬರೇ ಕೂರುವ ಸಿಂಗಲ್ ಸ್ಕಲ್ ದೋಣಿಗೆ ಕನಿಷ್ಠ 14 ಕೆಜಿ ತೂಕ ಇರಬೇಕು. ಅಂದರೆ ಒಟ್ಟಿಗೆ ಹೊತ್ತರೆ ದೊಡ್ಡ ದೋಣಿಯೇ ಹಗುರ.

ಕ್ಲಬ್ಬೂ ಹೀಗೇ ನಡೆಯಬೇಕು. ಆದರೆ ವರ್ಷವಿಡೀ ಹಾಗೆ ಆಗುವುದಿಲ್ಲ. ರೇಸಿಗೆ ಹೋಗುವವರು ನಸುಕಿನಲ್ಲಿ ಬಂದು ಹೋಗುತ್ತಾರೆ. ಮಕ್ಕಳು ಶಾಲೆ ಮುಗಿಸಿ ಸಂಜೆ ಬರುತ್ತಾರೆ. ಹಿರಿಯರಿಗೆ ವಾರಕ್ಕೊಂದು ದಿನ. ಅಪ್ಪ ಅಮ್ಮಂದಿರು ದಡದಲ್ಲೇ ಕಾಯುತ್ತಾರೆ. ಒಂದೇ ಶೆಡ್ಡು, ಅವೇ ದೋಣಿಗಳು, ಆದರೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ವಾರ್ಷಿಕ ದಿನ ಮುಖ್ಯವಾಗಿ ಮಾಡಬೇಕಾದ ಕೆಲಸ ಒಂದೇ: ಇಡೀ ವರ್ಷ ಜೊತೆಗೆ ಕೂರದವರನ್ನು ಒಂದೇ ದೋಣಿಯಲ್ಲಿ ಕೂರಿಸುವುದು. ಭಾಷಣ, ಬಹುಮಾನ, ಊಟ ಎಲ್ಲ ಅದರ ಹಿಂದೆ ಬರಲಿ.

ಈ ದಿನವನ್ನು ಹೇಗೆ ಕಟ್ಟಬೇಕು ಅನ್ನುವುದನ್ನು ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ದಿನಾಂಕ

ಮೂರು ತಿಂಗಳು ಮುಂಚೆಯೇ ಗೊತ್ತು ಮಾಡಿ. ಸೀಸನ್ನಿನ ಕೊನೆಯ ರೇಸ್ ಮುಗಿದು ಎರಡು ಮೂರು ವಾರ ಆದಮೇಲಿನ ರಜಾ ದಿನ ಒಳ್ಳೆಯದು. ದೊಡ್ಡ ರೇಸ್ ಹತ್ತಿರ ಇದ್ದರೆ ಸ್ಪರ್ಧಿಗಳ ಮನಸ್ಸು ಇಲ್ಲಿರುವುದಿಲ್ಲ. ಪೆಟ್ಟಾದರೆ ಅನ್ನುವ ಭಯಕ್ಕೆ ದೋಣಿಯನ್ನೂ ಹತ್ತುವುದಿಲ್ಲ.

ಸಾಮಾನ್ಯವಾಗಿ ಬೆಳಿಗ್ಗೆ ನೀರು ಸುಮ್ಮನಿರುತ್ತದೆ, ಹೊತ್ತು ಏರಿದಂತೆ ಗಾಳಿಯೂ ಏಳುತ್ತದೆ. ಹಾಗಾಗಿ ನೀರಿನ ಕಾರ್ಯಕ್ರಮ ಬೆಳಿಗ್ಗೆಯೇ ಮುಗಿಯಲಿ, ಮಿಕ್ಕಿದ್ದೆಲ್ಲ ಆಮೇಲೆ. ಸಮುದ್ರದ ಉಬ್ಬರ ಇಳಿತ ಮುಟ್ಟುವ ಜಾಗದಲ್ಲಿ ನಿಮ್ಮ ಕ್ಲಬ್ ಇದ್ದರೆ ಮೊದಲು ಉಬ್ಬರದ ವೇಳಾಪಟ್ಟಿ ನೋಡಿ, ಆಮೇಲೆ ಕ್ಯಾಲೆಂಡರ್. ಇಳಿತದ ಹೊತ್ತಿನಲ್ಲಿ ಕೆಸರಿನಲ್ಲಿ ನಿಂತು ಹಬ್ಬ ಮಾಡೋಕೆ ಆಗಲ್ಲ.

ಜನ ಮತ್ತು ಜವಾಬ್ದಾರಿ

ದೊಡ್ಡ ಸಮಿತಿ ಬೇಡ. ನಾಲ್ಕು ಜನ ಸಾಕು. ನೀರಿನ ಕೆಲಸಕ್ಕೆ ಒಬ್ಬರು, ದಡದ ಕೆಲಸಕ್ಕೆ ಒಬ್ಬರು, ದುಡ್ಡಿನ ಲೆಕ್ಕಕ್ಕೆ ಒಬ್ಬರು. ನಾಲ್ಕನೆಯವರ ಕೆಲಸ ಕರೆಯುವುದು. ನನ್ನ ಪ್ರಕಾರ ನಾಲ್ಕರಲ್ಲಿ ಇದೇ ಕಷ್ಟದ್ದು. ಆದರೂ ಹೆಚ್ಚಿನ ಕ್ಲಬ್ಬುಗಳು ಗ್ರೂಪಿಗೆ ಒಂದು ಮೆಸೇಜ್ ಹಾಕಿ ಕೈ ತೊಳೆದುಕೊಳ್ಳುತ್ತವೆ.

ಮೆಸೇಜ್ ನೋಡಿ ಬರುವವರು ಹೇಗೂ ಬರುತ್ತಾರೆ. ನಮಗೆ ಬೇಕಾದವರು ಬೇರೆ. ಮೊಣಕಾಲು ನೋವು ಅಂತ ಎರಡು ವರ್ಷದಿಂದ ಬಿಟ್ಟವರು, ಮಗು ಹುಟ್ಟಿದ ಮೇಲೆ ಕಾಣಿಸದವರು, ಯಾವುದೋ ಮಾತಿಗೆ ಬೇಸರ ಮಾಡಿಕೊಂಡು ದೂರ ಉಳಿದವರು. ಹಳೆಯ ಸದಸ್ಯರ ಪಟ್ಟಿ ತೆಗೆದು ಇವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಬೇಕು. ಅವರ ಜೊತೆ ಹಿಂದೆ ದೋಣಿಯಲ್ಲಿ ಕೂತವರೇ ಮಾಡಿದರೆ ಇನ್ನೂ ಒಳ್ಳೆಯದು.

ಹೇಗೆ ಕೇಳುತ್ತೀರಿ ಅನ್ನುವುದೂ ಮುಖ್ಯ. "ಬರ್ತೀರಾ?" ಅಂದರೆ "ನೋಡೋಣ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಫೋನ್ ಮಾಡುವ ಹಿರಿಯರೊಬ್ಬರು ಕೇಳುವ ರೀತಿಯೇ ಬೇರೆ: "ನಿಮ್ಮನ್ನ ಯಾವ ಕಡೆ ಹಾಕ್ಲಿ? ಸ್ಟ್ರೋಕ್ ಸೈಡಾ, ಬೋ ಸೈಡಾ?" (ಇವು ದೋಣಿಯ ಎರಡು ಪಕ್ಕಗಳ ಹೆಸರು.) ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಆಮೇಲೆ, "ನಾನು ಯಾವಾಗ್ಲೂ ಬೋ ಸೈಡೇ ಅಲ್ವಾ, ಮರೆತುಬಿಟ್ರಾ?" ಅಷ್ಟೇ, ಅವರು ಬಂದ ಹಾಗೆ.

ತಂಡ ಕಟ್ಟುವುದು

ಇಡೀ ದಿನ ನಿಂತಿರುವುದು ಇದರ ಮೇಲೆ. ಇಲ್ಲಿ ಅವಸರ ಬೇಡ.

ನಾನು ಮೊದಲ ಸಲ ಈ ದಿನದ ಜವಾಬ್ದಾರಿ ಹೊತ್ತಾಗ ತಂಡ ಕಟ್ಟುವುದನ್ನು ಅವರವರಿಗೇ ಬಿಟ್ಟಿದ್ದೆ. ಗೆಳೆಯರು ಗೆಳೆಯರ ಜೊತೆ ಸೇರಿದರು. ರೇಸಿಗೆ ಹೋಗುವ ಎಂಟು ಜನ ಒಂದೇ ದೋಣಿ ಹತ್ತಿದರು, ಎಲ್ಲವನ್ನೂ ಗೆದ್ದರು. ಹೊಸಬರನ್ನು ಕರೆಯುವವರೇ ಇರಲಿಲ್ಲ. ಹತ್ತು ಗಂಟೆಗೆಲ್ಲ ಅರ್ಧ ಜನ ಮನೆಗೆ ಹೋಗಿದ್ದರು. ಒಬ್ಬ ಹುಡುಗಿ ತನ್ನ ನೀರಿನ ಬಾಟಲಿ ಹಿಡಿದುಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತೇ ಇದ್ದಳು. ಅದು ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಮರುವರ್ಷದಿಂದ ಚೀಟಿ ಎತ್ತುವ ಪದ್ಧತಿ ತಂದೆವು. ಚೀಟಿಗೆ ಮುಖ ನೋಡಿ ಮಣೆ ಹಾಕುವುದು ಗೊತ್ತಿಲ್ಲ.

ಆದರೆ ಎಲ್ಲ ಹೆಸರನ್ನೂ ಒಂದೇ ಡಬ್ಬಿಗೆ ಹಾಕಬೇಡಿ. ಹಾಗೆ ಮಾಡಿದರೆ ಒಂದು ದೋಣಿಯಲ್ಲಿ ಎಂಟೂ ಜನ ಹೊಸಬರೇ ಬಂದುಬಿಡಬಹುದು. ಅದು ಅಪಾಯ. ಮೂರು ಡಬ್ಬಿ ಇಡಿ. ಒಂದರಲ್ಲಿ ಪಳಗಿದವರು. ಎರಡನೆಯದರಲ್ಲಿ ಒಂದೆರಡು ವರ್ಷ ರೂಢಿ ಇರುವವರು. ಮೂರನೆಯದರಲ್ಲಿ ಹೊಸಬರು, ಬಹಳ ದಿನದ ಮೇಲೆ ಬಂದವರು, ಇವತ್ತೇ ಮೊದಲ ಸಲ ಕೂರುವ ಅಪ್ಪ ಅಮ್ಮಂದಿರು. ಪ್ರತಿ ದೋಣಿಗೆ ಮೊದಲ ಡಬ್ಬಿಯಿಂದ ನಾಲ್ಕು, ಉಳಿದ ಎರಡರಿಂದ ಎರಡೆರಡು ಚೀಟಿ. ಪಳಗಿದವರು ಕಡಿಮೆ ಇದ್ದರೆ ದೋಣಿಗಳನ್ನು ಕಡಿಮೆ ಮಾಡಿ, ಸರದಿಯನ್ನು ಜಾಸ್ತಿ ಮಾಡಿ. ಅವರೇ ಎರಡು ಮೂರು ಸಲ ಹೋಗಲಿ. ಕಾಕ್ಸ್, ಅಂದರೆ ಚುಕ್ಕಾಣಿ ಹಿಡಿದು ಕೂಗಿ ಹೇಳುವವರು, ಮಾತ್ರ ಚೀಟಿಯಿಂದ ಬೇಡ. ಅವರು ಅನುಭವಸ್ಥರೇ ಆಗಬೇಕು.

ಯಾರು ಎಲ್ಲಿ ಕೂರಬೇಕು? ದೋಣಿಯ ಮೂತಿಯಿಂದ ಎಣಿಸಿದರೆ ಒಂದನೇ ಸೀಟು ಬೋ, ಎಂಟನೆಯದು ಸ್ಟ್ರೋಕ್. ಹುಟ್ಟು ಹಾಕುವವರು ಕೂರುವುದು ದೋಣಿಯ ಹಿಂಬದಿಗೆ ಮುಖ ಮಾಡಿ, ಹಾಗಾಗಿ ಎಂಟನೆಯವರು ಎಲ್ಲರ ಕಣ್ಣ ಮುಂದೆ ಇರುತ್ತಾರೆ. ಎಂಟು ಮತ್ತು ಏಳರಲ್ಲಿ ಪಳಗಿದವರು ಇರಲಿ. ಲಯ ಹಿಡಿದು ಕೊಡುವವರು ಅವರೇ, ಒಬ್ಬರು ಒಂದು ಪಕ್ಕಕ್ಕೆ, ಇನ್ನೊಬ್ಬರು ಇನ್ನೊಂದು ಪಕ್ಕಕ್ಕೆ. ಒಂದು ಮತ್ತು ಎರಡರಲ್ಲೂ ಪಳಗಿದವರೇ ಇರಲಿ. ಆ ತುದಿ ಕಿರಿದು, ದೋಣಿ ವಾಲಿದರೆ ಅಲ್ಲಿ ಬೇಗ ಗೊತ್ತಾಗುತ್ತದೆ. ಮೂರರಿಂದ ಆರರವರೆಗೆ ಹೊಸಬರನ್ನೂ ಮಧ್ಯದವರನ್ನೂ ಬೆರೆಸಿ ಕೂರಿಸಿ. ನಡುವಿನ ಭಾಗ ಅಗಲ, ಹೆಚ್ಚು ಅಲುಗುವುದಿಲ್ಲ, ತಪ್ಪಾದರೂ ತಡೆದುಕೊಳ್ಳುತ್ತದೆ.

ಓಟ 250 ಮೀಟರ್ ಇದ್ದರೆ ಸಾಕು. ಒಲಿಂಪಿಕ್ಸ್‌ನಲ್ಲಿ ಹಲವು ದಶಕಗಳಿಂದ ನಡೆದು ಬಂದ ದೂರ 2000 ಮೀಟರ್. ವಿಶ್ವದ ಅತಿ ವೇಗದ ತಂಡಗಳಿಗೂ ಅದಕ್ಕೆ 5 ನಿಮಿಷದ ಮೇಲೆ ಬೇಕು. ಇವತ್ತು ಸೇರಿದ ತಂಡಕ್ಕೆ ಅಷ್ಟು ದೂರ ಹಿಂಸೆ. 250 ಮೀಟರ್ ಅಂದರೆ ಒಂದು ನಿಮಿಷದ ಮೇಲೆ ಸ್ವಲ್ಪ. ಉಸಿರು ಪೂರ್ತಿ ಖಾಲಿಯಾಗುವ ಮೊದಲೇ ದಡದ ಚಪ್ಪಾಳೆ ಕೇಳಿಸುತ್ತದೆ. ಪ್ರತಿ ತಂಡಕ್ಕೂ ಎರಡು ಓಟವಾದರೂ ಸಿಗಲಿ. ಮೊದಲ ಓಟದಲ್ಲಿ ಸೋತವರು ಬಟ್ಟೆ ಬದಲಾಯಿಸಿ ಕೂತುಬಿಡಬಾರದು.

ನೀರು ಕಿರಿದು, ಎರಡು ದೋಣಿ ಪಕ್ಕಪಕ್ಕ ಹೋಗೋಕೆ ಜಾಗ ಇಲ್ಲ ಅಂದರೂ ದಾರಿ ಇದೆ. ಒಂದರ ಹಿಂದೆ ಒಂದನ್ನು ಬಿಟ್ಟು ಸಮಯ ಹಿಡಿಯಿರಿ. ಲಂಡನ್ನಿನ ಥೇಮ್ಸ್ ನದಿಯಲ್ಲಿ ಸ್ಟೀವ್ ಫೇರ್‌ಬೈರ್ನ್ ಎಂಬ ಕೋಚ್ 1926ರಲ್ಲಿ ಶುರು ಮಾಡಿದ ಹೆಡ್ ರೇಸ್ ನಡೆಯುವುದು ಹೀಗೆಯೇ. ನೂರಾರು ದೋಣಿಗಳಿದ್ದರೂ ನದಿ ಸಾಲುತ್ತದೆ.

ಓಟಕ್ಕೆ ಮೊದಲು ಪ್ರತಿ ತಂಡಕ್ಕೆ 20 ನಿಮಿಷ ಅಭ್ಯಾಸ ಕೊಡಲೇಬೇಕು. ಮೊದಲು ನಾಲ್ಕು ಜನ ಹುಟ್ಟು ಹಾಕಲಿ, ಉಳಿದ ನಾಲ್ಕು ಜನ ಹುಟ್ಟಿನ ಎಲೆಯನ್ನು ನೀರಿನ ಮೇಲೆ ಚಪ್ಪಟೆಯಾಗಿ ಇಟ್ಟು ದೋಣಿಯನ್ನು ಹಿಡಿದುಕೊಳ್ಳಲಿ. ಆಮೇಲೆ ಅದಲು ಬದಲು. ಆರು ಜನ, ಕೊನೆಗೆ ಎಂಟು. ಮೊದಲ ಐದು ನಿಮಿಷ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗೇ ಇರುತ್ತದೆ. ಕಾಕ್ಸ್ ಗದರಬಾರದು.

ಹೋದ ಸಲ ಐದನೇ ಸೀಟಿನಲ್ಲಿ ಒಬ್ಬ ತಾಯಿ ಕೂತಿದ್ದರು. ನಾಲ್ಕು ವರ್ಷದಿಂದ ಮಗಳನ್ನು ಕ್ಲಬ್ಬಿಗೆ ಬಿಟ್ಟು ಕಾರಿನಲ್ಲೇ ಕಾಯುತ್ತಿದ್ದವರು. ಹುಟ್ಟಿನ ಹಿಡಿಯನ್ನು ಬೆರಳು ಬೆಳ್ಳಗಾಗುವ ಹಾಗೆ ಹಿಡಿದಿದ್ದರು. ಅವರ ಮುಂದೆ, ಆರನೇ ಸೀಟಿನಲ್ಲಿ, 15 ವರ್ಷದ ಹುಡುಗ. ಅವನು ಹಿಂದೆ ತಿರುಗಲಿಲ್ಲ, ತಿರುಗಿದರೆ ದೋಣಿ ಅಲುಗುತ್ತದೆ. ಮುಂದೆ ನೋಡಿಕೊಂಡೇ ಹೇಳಿದ: "ಆಂಟಿ, ಹುಟ್ಟು ನೋಡ್ಬೇಡಿ. ನನ್ನ ಭುಜ ನೋಡ್ತಾ ಇರಿ. ಅದು ಹೋದಾಗ ನೀವೂ ಹೋಗಿ." ಹತ್ತು ಎಳೆತ ಆಗುವಷ್ಟರಲ್ಲಿ ಅವರ ಕೈ ಸಡಿಲಾಗಿತ್ತು. ಹನ್ನೊಂದನೆಯದಕ್ಕೋ ಹನ್ನೆರಡನೆಯದಕ್ಕೋ ಎಂಟೂ ಹುಟ್ಟು ಒಟ್ಟಿಗೆ ನೀರಿಗೆ ಬಿದ್ದ ಸದ್ದು ಬಂತು. ಒಂದೇ ಸದ್ದು. ಅದನ್ನು ಕೇಳಿ ಆ ತಾಯಿ ಜೋರಾಗಿ ನಕ್ಕರು, ಮುಂದಿನ ಎಳೆತ ತಪ್ಪಿತು, ಯಾರಿಗೂ ಬೇಜಾರಾಗಲಿಲ್ಲ. ಈಗ ಅವರು ವಾರಕ್ಕೆರಡು ದಿನ ಬರುತ್ತಾರೆ.

ದೋಣಿ ಮತ್ತು ಸುರಕ್ಷತೆ

ಒಂದು ವಾರ ಮೊದಲೇ ದೋಣಿಗಳನ್ನು ಸ್ಟ್ಯಾಂಡಿನ ಮೇಲಿಟ್ಟು ನೋಡಿ. ರಿಗರಿನ (ಹುಟ್ಟಿಗೆ ಆಸರೆಯಾಗಿ ದೋಣಿಯಿಂದ ಹೊರಚಾಚಿದ ಚೌಕಟ್ಟಿನ) ನಟ್ಟುಗಳು ಬಿಗಿಯಾಗಿವೆಯಾ, ಹುಟ್ಟು ಕೂರುವ ಗೇಟು ಸರಿಯಾಗಿ ಮುಚ್ಚುತ್ತದಾ, ಸೀಟಿನ ಗಾಲಿ ಸರಾಗವಾಗಿ ಉರುಳುತ್ತದಾ, ಮೂತಿಯ ತುದಿಯಲ್ಲಿ ರಬ್ಬರ್ ಚೆಂಡು ಇದೆಯಾ. ಆ ಚೆಂಡು ಅಲಂಕಾರಕ್ಕಲ್ಲ. ಡಿಕ್ಕಿಯಾದರೆ ಚೂಪು ಮೂತಿ ಇನ್ನೊಬ್ಬರ ಬೆನ್ನಿಗೆ ಚುಚ್ಚದಿರಲಿ ಅಂತ. ದೋಣಿಗೇ ಜೋಡಿಸಿರುವ ಶೂಗಳ ಹಿಮ್ಮಡಿ ದಾರವನ್ನು ಒಂದೊಂದಾಗಿ ಎಳೆದು ನೋಡಿ. ದೋಣಿ ಮಗುಚಿದಾಗ ಕಾಲು ಹೊರಗೆ ಬರುವುದು ಆ ದಾರ ಗಟ್ಟಿ ಇದ್ದರೆ ಮಾತ್ರ. ಸಂಶಯ ಇರುವ ದಾರವನ್ನು ಆಗಲೇ ಬದಲಾಯಿಸಿ, ನಾಳೆಗೆ ಬಿಡಬೇಡಿ.

ಹೊಸಬರಿಗೆ ಮೊದಲು ಕಲಿಸಬೇಕಾದ್ದು ಹುಟ್ಟು ಹಾಕುವುದಲ್ಲ, ದೋಣಿಯೊಳಗೆ ಕಾಲಿಡುವುದು. ದೋಣಿಯ ತಳ ತೆಳು, ಎಲ್ಲಿ ಬೇಕಾದರೂ ತುಳಿದರೆ ಒಡೆಯುತ್ತದೆ. ಸೀಟು ಉರುಳುವ ಹಳಿಗಳ ನಡುವೆ ಕಾಲಿಡಲು ಅಂತಲೇ ಒಂದು ಗಟ್ಟಿ ಜಾಗ ಇರುತ್ತದೆ. ಅದನ್ನು ಬೆರಳಿಟ್ಟು ತೋರಿಸಿ. ಸುಮ್ನೆ ಹೇಳಿದರೆ ಗಾಬರಿಯಲ್ಲಿ ಮರೆಯುತ್ತಾರೆ.

ಈಜು ಬಾರದವರನ್ನು ಈ ದೋಣಿಗಳಲ್ಲಿ ಕೂರಿಸಬೇಡಿ. ಎಷ್ಟೇ ಆಸೆ ಇರಲಿ, ಮನಸ್ಸು ಗಟ್ಟಿ ಮಾಡಿಕೊಂಡು ಬೇಡ ಅನ್ನಿ, ದಡದಲ್ಲಿ ಒಳ್ಳೆಯ ಕೆಲಸ ಕೊಡಿ. ನೀರಿನಲ್ಲಿ ದೋಣಿಗಳು ಇರುವಷ್ಟು ಹೊತ್ತೂ ಮೋಟಾರ್ ಲಾಂಚ್ ನೀರಿನಲ್ಲೇ ಇರಬೇಕು, ದಡಕ್ಕೆ ಕಟ್ಟಿರಬಾರದು. ಅದರಲ್ಲಿ ಎಸೆಯುವ ಹಗ್ಗ, ಹೆಚ್ಚುವರಿ ಲೈಫ್ ಜಾಕೆಟ್ ಇರಲಿ. ಲಾಂಚಿನಲ್ಲಿರುವವರೂ ಕಾಕ್ಸ್‌ಗಳೂ ಜಾಕೆಟ್ ತೊಡಲಿ. ದೋಣಿ ಮಗುಚಿದರೆ ದಡಕ್ಕೆ ಈಜೋಕೆ ಹೋಗಬಾರದು, ದೋಣಿಯನ್ನೇ ಹಿಡಿದುಕೊಂಡಿರಬೇಕು. ಮಗುಚಿದರೂ ಅದು ತೇಲುತ್ತದೆ, ದೂರದಿಂದ ಕಾಣುತ್ತದೆ. ನೀರು ತಣ್ಣಗಿದ್ದರಂತೂ ಈ ಮಾತನ್ನು ಎರಡು ಸಲ ಹೇಳಿ. 15 ಡಿಗ್ರಿಗಿಂತ ಕಡಿಮೆ ಇರುವ ನೀರಿಗೆ ಬಿದ್ದ ತಕ್ಷಣ ಉಸಿರು ಹತೋಟಿ ತಪ್ಪುತ್ತದೆ, ಚೆನ್ನಾಗಿ ಈಜುವವರೂ ಏದುಸಿರು ಬಿಡುತ್ತಾರೆ.

ಗುಡುಗು ಕೇಳಿಸಿದರೆ ಎಲ್ಲರೂ ದಡಕ್ಕೆ. ಕೊನೆಯ ಗುಡುಗಿನಿಂದ 30 ನಿಮಿಷ ಆಗುವವರೆಗೆ ಯಾರೂ ನೀರಿಗೆ ಇಳಿಯಬಾರದು. "ಇನ್ನೊಂದೇ ಓಟ" ಅನ್ನುವವರು ಇದ್ದೇ ಇರುತ್ತಾರೆ. ಆಗ ತೀರ್ಮಾನ ಒಬ್ಬರದೇ ಆಗಿರಬೇಕು. ನೀರಿನ ಜವಾಬ್ದಾರಿ ಹೊತ್ತವರು ಬೇಡ ಅಂದರೆ ಅಧ್ಯಕ್ಷರೂ ಕೇಳಬೇಕು.

ನೀರಿಗೆ ಇಳಿಯದವರಿಗೆ

ಗಾಳಿ ಎದ್ದರೂ ದಿನ ಕೆಡಬಾರದು ಅಂದರೆ ಎರ್ಗ್ ಮೆಷಿನ್ನುಗಳನ್ನು (ನೆಲದ ಮೇಲೆ ಕೂತೇ ಹುಟ್ಟು ಹಾಕುವ ಹಾಗೆ ಎಳೆಯುವ ವ್ಯಾಯಾಮದ ಯಂತ್ರಗಳನ್ನು) ಹೊರಗೆ ತಂದಿಡಿ. 2000 ಮೀಟರ್ ರಿಲೇ, ಎಂಟು ಜನ, ತಲಾ 250 ಮೀಟರ್. ಒಬ್ಬರು ಇಳಿದು ಇನ್ನೊಬ್ಬರು ಹತ್ತುವ ಗಡಿಬಿಡಿಯೇ ನೋಡೋಕೆ ಚೆಂದ. ತಂಡಗಳು ಚೀಟಿಯಲ್ಲಿ ಬಂದವೇ ಇರಲಿ. ಈಜು ಬಾರದವರು, ದೋಣಿ ಹತ್ತಲಾಗದ ಹಿರಿಯರು ಇಲ್ಲಿ ತಂಡಕ್ಕೆ ಸೇರಬಹುದು.

ಅಂಗವೈಕಲ್ಯ ಇರುವವರನ್ನು ನೋಡುಗರ ಸಾಲಿಗೆ ಕಳಿಸಿಬಿಡಬೇಡಿ. ರೋಯಿಂಗ್ 2008ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಅಲುಗದ ಸೀಟು, ಎದೆಗೆ ಕಟ್ಟುವ ಪಟ್ಟಿ, ಎರಡೂ ಪಕ್ಕ ತೇಲುವ ಪಾಂಟೂನ್ ಇರುವ ದೋಣಿಗಳಿವೆ. ನಿಮ್ಮಲ್ಲಿ ಇಲ್ಲದಿದ್ದರೆ ಹತ್ತಿರದ ಕ್ಲಬ್ಬಿನಿಂದ ಒಂದು ದಿನಕ್ಕೆ ಕೇಳಿ ನೋಡಿ. ದೋಣಿಯ ಜೊತೆ ಅದನ್ನು ಬಲ್ಲವರೊಬ್ಬರನ್ನೂ ಕರೆಸಿಕೊಳ್ಳಿ.

ಹಳೆಯ ಫೋಟೋಗಳಿಗೆ ಒಂದು ಗೋಡೆ ಬಿಡಿ. ಹೆಚ್ಚಿನ ಕ್ಲಬ್ಬುಗಳ ಗೋಡೆಯಲ್ಲಿ ಹಳೆಯ ಚಿತ್ರ ಅಂದರೆ ಬರೀ ಗಂಡಸರೇ. ಒಲಿಂಪಿಕ್ಸ್ ರೋಯಿಂಗ್‌ನಲ್ಲಿ ಗಂಡಸರು 1900ರಿಂದ ಇದ್ದರೆ, ಹೆಂಗಸರಿಗೆ ಅವಕಾಶ ಸಿಕ್ಕಿದ್ದು 1976ರ ಮಾಂಟ್ರಿಯಲ್‌ನಲ್ಲಿ. ಆದರೆ ಹೆಂಗಸರು ಅದಕ್ಕೂ ಮುಂಚಿನಿಂದ ಹುಟ್ಟು ಹಾಕುತ್ತಿದ್ದರು. ಅವರ ಫೋಟೋಗಳು ಮನೆಯ ಆಲ್ಬಮ್ಮುಗಳಲ್ಲಿ ಇರುತ್ತವೆ. ಕೇಳಿ ತರಿಸಿ, ನಕಲು ತೆಗೆದುಕೊಂಡು ಅಸಲನ್ನು ಹಿಂದಿರುಗಿಸಿ. ಪಕ್ಕದಲ್ಲಿ ಪೆನ್ಸಿಲ್ ಕಟ್ಟಿಡಿ, ಗುರುತು ಸಿಕ್ಕವರ ಹೆಸರನ್ನು ನಕಲಿನ ಕೆಳಗೆ ಬರೆಯಲಿ.

ಹೊಸ ದೋಣಿಗೆ ಹೆಸರು

ಆ ವರ್ಷ ಹೊಸ ದೋಣಿ ಬಂದಿದ್ದರೆ ನಾಮಕರಣ ಇದೇ ದಿನ ಮಾಡಿ. ಮೂತಿಯ ಹತ್ತಿರ ಬರೆದ ಹೆಸರನ್ನು ಬಟ್ಟೆಯಿಂದ ಮುಚ್ಚಿಡಿ. ಹೆಸರು ಗೆದ್ದವರದ್ದೇ ಆಗಬೇಕಿಲ್ಲ. ಇಪ್ಪತ್ತು ವರ್ಷ ದೋಣಿ ರಿಪೇರಿ ಮಾಡಿದವರು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಶೆಡ್ಡಿನ ಬೀಗ ತೆಗೆಯುವವರು, ಇಂಥ ಎಲೆಮರೆಯ ಕಾಯಿಗಳ ಹೆಸರು ದೋಣಿಯ ಮೇಲೆ ಬಂದಾಗ ಇಡೀ ಕ್ಲಬ್ಬಿಗೆ ಒಂದು ತೃಪ್ತಿ. ತೀರಿಕೊಂಡವರ ಹೆಸರಾದರೆ ಮನೆಯವರನ್ನು ಮೊದಲೇ ಕೇಳಿ. ಬಟ್ಟೆ ಸರಿಸಿ, ಮೂತಿಯ ಮೇಲೆ ನೀರು ಸುರಿಯುವ ಕೆಲಸ ಅವರದ್ದೇ ಆಗಲಿ. ನೀರನ್ನು ನೀವು ಹುಟ್ಟು ಹಾಕುವ ಜಾಗದಿಂದಲೇ ತುಂಬಿಕೊಳ್ಳಿ. ಭಾಷಣ ಮೂರು ನಿಮಿಷ ಸಾಕು. ಆಮೇಲೆ ದೋಣಿ ನೀರಿಗೆ ಹೋಗಲಿ, ಮೊದಲ ಸುತ್ತಿನಲ್ಲಿ ಅತಿ ಕಿರಿಯ ಸದಸ್ಯರೂ ಅತಿ ಹಿರಿಯ ಸದಸ್ಯರೂ ಇರಲಿ.

ತೊಳೆದ ಮೇಲೆ ಊಟ

ನಾವು ಒಂದು ನಿಯಮ ಇಟ್ಟುಕೊಂಡಿದ್ದೇವೆ. ಕೊನೆಯ ದೋಣಿ ತೊಳೆದು, ಒರೆಸಿ, ರ‍್ಯಾಕಿಗೆ ಸೇರುವವರೆಗೆ ಊಟ ಶುರುವಾಗಲ್ಲ. ಮೊದಲು ಕೆಲವರು ಗೊಣಗಿದರು. ಈಗ ಬಟ್ಟೆ ಹಿಡಿದು ಸಾಲಾಗಿ ನಿಲ್ಲುವುದೇ ಹಬ್ಬದ ಭಾಗ ಆಗಿದೆ. ಸೀಟಿನ ಹಳಿಯಲ್ಲಿ ಕಪ್ಪು ಜಿಡ್ಡು ಕೂತಿರುತ್ತದೆ. ಅದನ್ನು ಬಟ್ಟೆಯ ತುದಿ ಸುತ್ತಿಕೊಂಡು ಬೆರಳಿನಿಂದ ತೆಗೆಯಬೇಕು. ಹಾಗೆ ತೆಗೆಯುತ್ತಾ ಕೂತವರ ನಡುವೆ ಆಗುವ ಮಾತು ವೇದಿಕೆ ಮುಂದೆ ಕುರ್ಚಿಯಲ್ಲಿ ಕೂತಾಗ ಆಗಲ್ಲ.

ಊಟಕ್ಕೆ ತಂಡ ತಂಡವಾಗಿ ಕೂರಿಸಿ, ಬೆಳಿಗ್ಗೆ ಜೊತೆಗೆ ಹುಟ್ಟು ಹಾಕಿದವರು ಜೊತೆಗೇ ಕೂರಲಿ. ಪದಾಧಿಕಾರಿಗಳಿಗೆ ಬೇರೆ ಮೇಜು ಬೇಡ.

ಬಹುಮಾನ ಕಡಿಮೆ ಇರಲಿ. ಗೆದ್ದ ಚೀಟಿ ತಂಡಕ್ಕೆ ಒಂದು ಹಳೆಯ ಹುಟ್ಟು ಸಾಕು. ಮುರಿದು ಮೂಲೆ ಸೇರಿದ ಹುಟ್ಟಿನ ಎಲೆಗೆ ಕ್ಲಬ್ಬಿನ ಬಣ್ಣ ಹಚ್ಚಿ, ವರ್ಷ ಬರೆದು, ಕಾಕ್ಸ್ ಸೇರಿ ಒಂಬತ್ತು ಹೆಸರು ಬರೆಸಿ. ಗೋಡೆಗೆ ಹಾಕಿ. ತನ್ನ ಹೆಸರು ಗೋಡೆಯ ಮೇಲಿದ್ದರೆ ಹೊಸ ಸದಸ್ಯ ಕ್ಲಬ್ ಬಿಟ್ಟು ಹೋಗುವುದು ಅಷ್ಟು ಸುಲಭ ಅಲ್ಲ. ಇನ್ನೊಂದು ಬಹುಮಾನ ವರ್ಷವಿಡೀ ಬೇರೆಯವರ ದೋಣಿ ಎತ್ತಲು ಹೆಗಲು ಕೊಟ್ಟವರಿಗೆ. ಇದನ್ನು ಸಮಿತಿ ಆರಿಸಬಾರದು, ಮಕ್ಕಳು ಆರಿಸಲಿ. ಅವರ ಕಣ್ಣಿಗೆ ಎಲ್ಲ ಬಿದ್ದಿರುತ್ತದೆ.

ಮುಗಿದ ಮೇಲೆ ಒಂದು ವಾರ

ಹೆಚ್ಚಿನ ಕಡೆ ತಪ್ಪುವುದು ಇಲ್ಲಿ. ಅಂದು ಮೊದಲ ಸಲ ದೋಣಿ ಹತ್ತಿದವರಿಗೆ ಮೂರು ದಿನದೊಳಗೆ ಫೋನ್ ಹೋಗಬೇಕು. "ಯಾವಾಗ ಬೇಕಾದ್ರೂ ಬನ್ನಿ" ಅಂದರೆ ಯಾರೂ ಬರಲ್ಲ. "ಶನಿವಾರ ಬೆಳಿಗ್ಗೆ ಆರೂವರೆಗೆ, ನಿಮ್ಮ ಜೊತೆ ಏಳನೇ ಸೀಟಿನಲ್ಲಿದ್ದವರೂ ಬರ್ತಾರೆ" ಅಂತ ಹೇಳಿ. ಆ ಶನಿವಾರ ಅವರಿಗಾಗಿ ಒಂದು ದೋಣಿ ನಿಜವಾಗಿಯೂ ಖಾಲಿ ಇಟ್ಟಿರಿ.

ಖರ್ಚಿನ ಲೆಕ್ಕ ಶೆಡ್ಡಿನ ಬಾಗಿಲಿಗೆ ಅಂಟಿಸಿ. ಒಂದು ನೋಟ್ ಪುಸ್ತಕ ಇಟ್ಟು, ನಾಲ್ಕು ಜನ ಕೂತು ನೆನಪಿರುವಾಗಲೇ ಬರೆಯಿರಿ: ಏನು ಸಾಲಲಿಲ್ಲ, ಯಾವ ದೋಣಿಯ ಯಾವ ಸೀಟು ತೊಂದರೆ ಕೊಟ್ಟಿತು, ಯಾರು ಕರೆದರೂ ಬರಲಿಲ್ಲ. ಕೊನೆಯದರ ಎದುರು ಮುಂದಿನ ವರ್ಷ ಅವರಿಗೆ ಫೋನ್ ಮಾಡುವವರ ಹೆಸರನ್ನೂ ಬರೆದಿಡಿ. ನಮ್ಮ ಪುಸ್ತಕದಲ್ಲಿ ಒಂದು ಹೆಸರು ಮೂರು ವರ್ಷ ಸತತವಾಗಿ ಆ ಪಟ್ಟಿಯಲ್ಲಿತ್ತು. ನಾಲ್ಕನೇ ವರ್ಷ ಅದರ ಮುಂದೆ ಯಾರೋ ಬರೆದಿದ್ದಾರೆ: "ಬಂದರು. ಬೋ ಸೈಡ್, ಮೂರನೇ ಸೀಟು."